ಕುಸುಮಕ್ಕನ ಅವ್ಯಯ

"ಮದುವೆ ಆಗಿದೆಯಾ?" ಎಂಬ ಪ್ರಶ್ನೆಗೆ ಲೋಕದ ಹೆಂಗಸರು ಹೌದು, ಇಲ್ಲ ಎಂಬ ಎರಡರಲ್ಲಿ ಒಂದು ಉತ್ತರ ಕೊಟ್ಟು ಮುಂದೆ ಹೋಗುತ್ತಾರೆ. ಜಾವಳಿಯ ಕುಸುಮಕ್ಕ ಮಾತ್ರ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಳ್ಳಗಾದ ಕೂದಲನ್ನು ಬಿಗಿದು ತುರುಬು ಕಟ್ಟಿ, ಆ ತುರುಬಿಗೊಂದು ತುಂಡು ಅಬ್ಬಲಿಗೆ ಸಿಕ್ಕಿಸಿಕೊಂಡು, ಬಸ್ಸು ಬಂತಾ ಎಂದು ಕೇಳಿದವರಿಗೆ ಹೇಳುವಷ್ಟೇ ನಿರುದ್ವಿಗ್ನವಾಗಿ, "ಇನ್ನೂ ಇಲ್ಲ" ಎನ್ನುತ್ತಾಳೆ. ಮನೆಮನೆ ಸಮೀಕ್ಷೆಗೆ ಬಂದಿದ್ದ ಹೈಸ್ಕೂಲು ಮೇಷ್ಟ್ರೊಬ್ಬರು ಮೊಬೈಲಿನ ಮೇಲೆ ಬೆರಳು ನಿಲ್ಲಿಸಿಕೊಂಡು, "ಇನ್ನೂ ಅಂದ್ರೆ?" ಎಂದು ಕೇಳಿದರಂತೆ.

"ಇನ್ನೂ ಅಂದ್ರೆ ಇನ್ನೂ ಮಾರಾಯ್ರೇ. ನೀವು ಕನ್ನಡ ಮೇಷ್ಟ್ರಲ್ವಾ?"

ಮೇಷ್ಟ್ರು ಗಣಿತದವರು. ಆ ಪದವನ್ನು ಸೊನ್ನೆಯೆಂದು ಪರಿಗಣಿಸಿ ಮುಂದಿನ ಮನೆಗೆ ಹೋದರು.

ನಾನು ಓದಿದ ಕಾನ್ವೆಂಟಿನಲ್ಲಿ ವ್ಯಾಕರಣ ಕಲಿಸುತ್ತಿದ್ದ ಸಿಸ್ಟರ್ ಪ್ರಕಾರ, ಆಗದೇ ಇರುವ ಕೆಲಸ ಮುಂದೆ ಆಗಿಯೇ ತೀರುತ್ತದೆಂಬ ನಂಬಿಕೆಯಿದ್ದವರು ಮಾತ್ರ ಈ ಪದವನ್ನು ಬಳಸಬೇಕು. ಹೋಂವರ್ಕ್ ಮಾಡದ ನಾವೆಲ್ಲ ಅದನ್ನು ಧಾರಾಳವಾಗಿ ಬಳಸಿ ಬೆತ್ತದ ರುಚಿ ನೋಡುತ್ತಿದ್ದೆವು. ಕನ್ನಡದ ಪಂಡಿತರು ಇದನ್ನು ಅವ್ಯಯವೆಂದರು: ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ವ್ಯಯವಾಗದ್ದೂ ಅವ್ಯಯವೇ ತಾನೆ? ಆಯುಷ್ಯದ ಮುಕ್ಕಾಲು ಪಾಲು ಖರ್ಚಾದ ಮೇಲೂ ಕುಸುಮಕ್ಕನ ಬಳಿ ಕಿಂಚಿತ್ತೂ ವ್ಯಯವಾಗದೆ ಉಳಿದದ್ದು ಆ ಎರಡಕ್ಷರ.

ಬಣಕಲ್ಲಿನಲ್ಲಿ ಹೆದ್ದಾರಿಯ ಬದಿಗೆ ನಮ್ಮ ತಂದೆಯದೊಂದು ಕಾಫಿ ಮಂಡಿಯಿತ್ತು. ಕುಸುಮಕ್ಕ ಅಲ್ಲಿಗೆ ಕಾಳು ಆರಿಸಲು ಬರುತ್ತಿದ್ದಳು. ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ತಲೆಯನ್ನು ದೇಹಕ್ಕಿಂತ ಒಂದು ಗೇಣು ಮುಂದಕ್ಕೆ ಕಳಿಸಿ, ಏನೋ ತಪ್ಪಿಹೋಗುತ್ತದೆಂಬಂತೆ ಬಿರಬಿರನೆ ನಡೆಯುವ ಆ ನಡಿಗೆಯನ್ನು ದೂರದಿಂದ ಕಂಡರೆ ಯಾರಾದರೂ ದಾರಿ ಬಿಡಬೇಕು; ಆದರೆ ಎಲ್ಲಿಗೆ ಹೋದರೂ ಅರ್ಧ ಗಂಟೆ ಮುಂಚೆಯೇ ತಲಪಿ, ಬಾಗಿಲು ತೆರೆಯದ ಮಂಡಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದವಳೂ ಅವಳೇ. ಬೇಗ ಬೇಗ ಹೋಗಿ ನಿಧಾನವಾಗಿ ಕಾಯುವುದು ಅವಳ ಜೀವನಕ್ರಮ.

ಮೊರದಲ್ಲಿ ಕಾಳು ಹರಡಿಕೊಂಡು ಕೂತಳೆಂದರೆ ಅವಳ ಬೆರಳುಗಳು ಕಣ್ಣಿಗಿಂತ ಮುಂದಿರುತ್ತಿದ್ದವು. ಕಪ್ಪು ಕಾಳು ಒಂದು ಕಡೆ, ಒಡೆದದ್ದು ಒಂದು ಕಡೆ, ಪೀಬೆರಿ ಇನ್ನೊಂದು ಕಡೆ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜಗಳು ಬೆನ್ನಿಗೆ ಬೆನ್ನು ಕೊಡದೆ ಮುಖಾಮುಖಿ ಮಲಗಿರುತ್ತವೆ. ಅಪರೂಪಕ್ಕೊಮ್ಮೆ ಒಂದೇ ಬೀಜ ಬೆಳೆದು, ಇಬ್ಬರ ಜಾಗವನ್ನೂ ತಾನೇ ತುಂಬಿ ಗುಂಡಗಾಗುತ್ತದೆ. ಅದೇ ಪೀಬೆರಿ. ಅಂಥದ್ದೊಂದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ ಒಮ್ಮೆ ಹೇಳಿದಳು: "ಎರಡು ಇರ್ಬೇಕಾದ ಕಡೆ ಒಂದೇ ಇದ್ರೆ ಅದಕ್ಕೆ ರೇಟು ಜಾಸ್ತಿ ಮಾರಾಯ್ತಿ. ಕಾಫೀಲಿ ಮಾತ್ರ."

ನಮ್ಮ ಭಾಷೆಯಲ್ಲಿ ಆರಿಸುವುದೆಂದರೆ ಹೆಕ್ಕುವುದೂ ಹೌದು, ಬಿಸಿಲಿಗೆ ಹರಡಿ ಒಣಗಿಸುವುದೂ ಹೌದು, ದೀಪವನ್ನು ನಂದಿಸುವುದೂ ಹೌದು. ಕುಸುಮಕ್ಕನ ಕಥೆಗೆ ಮೊದಲ ಎರಡು ಅರ್ಥಗಳು ಸರಿಯಾಗಿ ಹೊಂದುತ್ತವೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವಳನ್ನು ಆರಿಸಿದರು. ಆಮೇಲೆ ಮೂವತ್ತಾರು ವರ್ಷ ಆರಿಸಿದರು. ಮೂರನೆಯ ಅರ್ಥಕ್ಕೆ ಅವಳು ಅವಕಾಶ ಕೊಡಲಿಲ್ಲ.

ಆರಿಸಿದವನ ಹೆಸರು ಭೂತಯ್ಯ. ಒಬ್ಬ ಹುಡುಗಿಯ ಭವಿಷ್ಯತ್ತಿಗೆ ಭೂತಯ್ಯ ಎಂದು ಹೆಸರಿಟ್ಟ ವಿಧಿಗೆ ಕಾಲಜ್ಞಾನವಿತ್ತೇ ಹೊರತು ಕರುಣೆಯಿರಲಿಲ್ಲ. ಎರಡೂ ಮನೆಯ ಹಿರಿಯರು ಕೂತು, ಒಪ್ಪಿ, ತಟ್ಟೆಯಲ್ಲಿ ವೀಳ್ಯ ಬದಲಾಯಿಸಿಕೊಂಡದ್ದಾಯಿತು. ಮುಂದಿನ ತಿಂಗಳು ಭೂತಯ್ಯನ ಅಜ್ಜ ತೀರಿಕೊಂಡರು. ವರ್ಷದೊಳಗೆ ಶುಭಕಾರ್ಯ ಕೂಡದು. ಆ ವರ್ಷ ಮುಗಿಯುವಷ್ಟರಲ್ಲಿ ಕುಸುಮಕ್ಕನ ತಂದೆ ಹೋದರು, ಮತ್ತೊಂದು ವರ್ಷ. ಅದು ಕಳೆದಾಗ ಹುಡುಗನಿಗೆ ಗುರುಬಲವಿರಲಿಲ್ಲ, ಗುರುಬಲ ಬಂದಾಗ ಹುಡುಗನೇ ಊರಲ್ಲಿರಲಿಲ್ಲ; ಅತ್ತಿಗುಂಡಿಯ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿ ಬೆಟ್ಟ ಹತ್ತಿದ್ದ. ಆಳುಗಳ ಹಾಜರಿ ಬರೆಯುವವರನ್ನು ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಊರಿಗೆಲ್ಲ ಹಾಜರಿ ಹಾಕಿದ ಆ ರೈಟರು ಒಂದು ಕಡೆ ಮಾತ್ರ ತನ್ನ ಗೈರುಹಾಜರಿಯನ್ನು ಖಾಯಂ ಮಾಡಿಕೊಂಡ.

ಹಾಗೆಂದು ಅವನು ಖಳನಾಯಕನಲ್ಲ. ಅಷ್ಟು ಶ್ರಮ ತೆಗೆದುಕೊಳ್ಳುವ ಜಾಯಮಾನವೇ ಅವನದಲ್ಲ. ಅವನನ್ನು ನಾನು ಎರಡು ಸಲ ನೋಡಿದ್ದೇನೆ. ಮಳೆ ಬರುತ್ತಾ ಎಂದರೆ ನೋಡಣ, ಊಟ ಮಾಡ್ತೀರಾ ಎಂದರೆ ನೋಡಣ. ಬೇರೆ ಮದುವೆಯನ್ನೂ ಅವನು ಮಾಡಿಕೊಳ್ಳಲಿಲ್ಲ, ಪ್ರಾಯಶಃ ಅದನ್ನೂ ನೋಡುತ್ತಿರಬೇಕು. "ನೋಡಣ" ಎನ್ನುವ ಗಂಡಿಗೂ "ಇನ್ನೂ" ಎನ್ನುವ ಹೆಣ್ಣಿಗೂ ಇಷ್ಟು ಚೆನ್ನಾಗಿ ಜಾತಕ ಕೂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಪ್ಪಿದ ಸಂಬಂಧವನ್ನು ಮುರಿಯುವುದಕ್ಕೂ ಆ ಮನೆತನಗಳಲ್ಲಿ ಒಂದು ಶಾಸ್ತ್ರವಿತ್ತು. ಗಂಡಿನ ಕಡೆಯ ಹಿರಿಯರು ಬಂದು, ಜಗುಲಿಯಲ್ಲಿ ಕೂತು, ಅಂದು ಪಡೆದ ವೀಳ್ಯಕ್ಕೆ ಬದಲು ವೀಳ್ಯವಿಟ್ಟು, "ಋಣ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಯಾರೂ ಬರಲಿಲ್ಲ, ಯಾರೂ ಹೇಳಲಿಲ್ಲ. ಹೇಳಬೇಕಾದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಹೀಗಾಗಿ ಶಾಸ್ತ್ರಪ್ರಕಾರ ನೋಡಿದರೆ ಕುಸುಮಕ್ಕನ ಮದುವೆ ನಿಂತಿಲ್ಲ, ತಡವಾಗಿದೆ. "ವೀಳ್ಯ ವಾಪಸ್ ಬಂದಿಲ್ಲ ಅಲ್ದಾ?" ಎಂದು ಅವಳು ಕೇಳಿದರೆ ಅದಕ್ಕೆ ಪ್ರತ್ಯುತ್ತರ ಕೊಡುವ ಪುರೋಹಿತ ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ಅವಳ ಕೈಚೀಲದಲ್ಲಿ ಯಾವಾಗಲೂ ಒಂದು ಸ್ವೆಟರು, ಅರ್ಧ ಹೆಣೆದದ್ದು. ಕಾಫಿ ಹಣ್ಣಿನ ಕೆಂಪು, ಗಂಡಸಿನ ಅಳತೆ. ಮೊದಲ ಸಲ ಅದು ಪೂರ್ತಿಯಾದದ್ದು ವೀಳ್ಯ ಬದಲಾಯಿಸಿದ ವರ್ಷವೇ. ಮದುವೆ ಮುಂದಕ್ಕೆ ಹೋದಾಗ ಸ್ವೆಟರೂ ಪೆಟ್ಟಿಗೆಗೆ ಹೋಯಿತು. ಏಳೆಂಟು ವರ್ಷ ಕಳೆದ ಮೇಲೆ, ಮೂಡಿಗೆರೆಯಲ್ಲಿ ಯಾರೋ ಭೂತಯ್ಯನನ್ನು ಕಂಡರಂತೆ, ಮೈ ಬಂದಿದೆಯಂತೆ ಎಂಬ ಸುದ್ದಿ ಬಂತು. ಕುಸುಮಕ್ಕ ಆ ವಾರವೇ ಸ್ವೆಟರನ್ನು ಬಿಚ್ಚಿ, ಉಣ್ಣೆಯನ್ನು ಉಂಡೆ ಸುತ್ತಿ, ಎದೆಯ ಸುತ್ತ ಎರಡು ಇಂಚು ಹೆಚ್ಚಿಗೆ ಹಾಕಿ ಪುನಃ ಹೆಣೆಯತೊಡಗಿದಳು. ಅಂದಿನಿಂದ ಭೂತಯ್ಯನ ದೇಹಸ್ಥಿತಿಯ ಬಗ್ಗೆ ಯಾವ ವೈದ್ಯನಿಗೂ ಇರದಷ್ಟು ನಿಖರವಾದ ದಾಖಲೆ ಆ ಉಣ್ಣೆಯಲ್ಲಿದೆ. ಮೂರು ವರ್ಷದ ಹಿಂದೆ ಮಂಡಿಯ ಮೆಟ್ಟಿಲ ಮೇಲೆ ಕೂತು ಸರಸರನೆ ಬಿಚ್ಚುತ್ತಿದ್ದವಳನ್ನು ನಾನು ಕೇಳಿದೆ, "ಮತ್ತೆಂತ ಆಯ್ತು ಕುಸುಮಕ್ಕ?"

"ಶುಗರ್ ಅಂತೆ ಕಣೆ. ಇಳಿದೋಗಿದಾನಂತೆ." ಭುಜದ ಹತ್ತಿರ ಬಂದಾಗ ಎಳೆ ಹಿಡಿದು ನಿಲ್ಲಿಸಿ, "ಭುಜ ಮಾತ್ರ ಹಂಗೇ ಬಿಡ್ತೀನಿ. ಭುಜ ಇಳಿಯಲ್ಲ" ಎಂದಳು.

ಬ್ಲಾಸಂ ಮಳೆ ಬರುವ ತನಕ ಕಾಫಿ ಗಿಡದ ಮೊಗ್ಗು ಹಸಿರು ಕಡ್ಡಿಯಂತೆ ಮುಚ್ಚಿಕೊಂಡೇ ಇರುತ್ತದೆ. ಮಳೆ ಬಿದ್ದ ಕೆಲವೇ ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಮಳೆ ಬಾರದೇ ಹೋದರೆ ಮೊಗ್ಗು ಅರಳದೆ ಒಣಗಿ ಉದುರುತ್ತದೆಂದು ಚೆನ್ನಾಗಿ ಬಲ್ಲ ಪ್ಲಾಂಟರುಗಳು ಸ್ಪ್ರಿಂಕ್ಲರ್ ಹಾಕಿಬಿಡುತ್ತಾರೆ. ಹೆಸರು ಕುಸುಮ ಎಂದು ಇಟ್ಟ ಮಾತ್ರಕ್ಕೆ ಯಾರೂ ಸ್ಪ್ರಿಂಕ್ಲರ್ ತಂದಿಡುವುದಿಲ್ಲ.

ಇಷ್ಟಾಗಿಯೂ ಅವಳದು ಯಾರ ಕೈಯನ್ನೂ ನೋಡದ ಬದುಕಾಗಿತ್ತು. ಅಣ್ಣ ಸುಬ್ಬಣ್ಣನ ಮನೆಗೆ ತಾಗಿಕೊಂಡ ಒಂದು ಕೋಣೆ, ಅದರಲ್ಲಿ ತನ್ನದೇ ಒಲೆ, ತನ್ನ ದುಡಿಮೆಯ ಕಾಫಿಪುಡಿ. ಆದರೆ ಎರಡು ವರ್ಷದ ಹಿಂದೆ ನಮ್ಮ ಮಂಡಿ ಕೈಬದಲಾಗಿ, ಹೊಸ ಯಜಮಾನರು ಕಾಳಿನ ಬಣ್ಣ ನೋಡಿ ತಾನೇ ಬೇರ್ಪಡಿಸುವ ಯಂತ್ರ ತಂದರು. ಕುಸುಮಕ್ಕನ ಕೆಲಸ ಹೋಯಿತು, ಒಂದು ಕಣ್ಣಿಗೆ ಪೊರೆಯೂ ಬಂದಿತ್ತು. ಸಕ್ಕರೆಗೆ ಅತ್ತಿಗೆ ರಂಗಮ್ಮನ ಬಳಿ ಲೋಟ ಹಿಡಿದು ಹೋದ ದಿನ ಅವಳು ನನ್ನ ಮನೆಗೆ ಬಂದಳು. ಲೋಟದ ವಿಷಯವನ್ನು ಅವಳು ಹೇಳಿದ್ದಲ್ಲ. ರಂಗಮ್ಮನೇ ಆಮೇಲೆ ಬೇಸರದಿಂದ ಹೇಳಿದ್ದು. ಕುಸುಮಕ್ಕ ಹೇಳಿದ್ದಿಷ್ಟೇ: "ಏನಾದ್ರೂ ಇದೆಯೇನೇ ನನ್ನಂಥೋರಿಗೆ, ಸರ್ಕಾರದಲ್ಲಿ?"

ಗೃಹಲಕ್ಷ್ಮಿ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ರಂಗಮ್ಮ. ಕುಸುಮಕ್ಕನದು ಕೊನೆಯ ಸಾಲು, ಸಂಬಂಧ ನಾದಿನಿ. ವೃದ್ಧಾಪ್ಯದ ಪಿಂಚಣಿಗೆ ವಯಸ್ಸು ಸಾಲದು. ವಿಧವಾ ವೇತನಕ್ಕೆ ಬೇಕಾದ ಅರ್ಹತೆ ಯಾರಿಗೂ ಬೇಡ. ಉಳಿದದ್ದು ಮನಸ್ವಿನಿ: ನಲವತ್ತು ದಾಟಿದ ಅವಿವಾಹಿತ ಬಡ ಹೆಂಗಸರಿಗೆ ತಿಂಗಳಿಗೆ ಎಂಟುನೂರು ರೂಪಾಯಿ. ಹೆಸರು ಕೇಳಿ ಅವಳಿಗೆ ಬಲು ಸಂತೋಷವಾಯಿತು. "ಮನಸ್ವಿನಿ... ಮನಸ್ಸಿದ್ದೋಳು ಅಂತ ಅಲ್ದಾ? ಯಾರಿಟ್ರೋ, ಒಳ್ಳೇ ಮನಸ್ಸಿಂದ ಇಟ್ಟಿದಾರೆ."

ನಾಡಕಚೇರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿ ರಂಜಿತಾ, ಬಯಲುಸೀಮೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. "ಬನ್ನಿ ಅಜ್ಜಿ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದಳು.

"ಅಜ್ಜಿ ಆಗಕ್ಕೆ ಮುಂಚೆ ಆಗ್ಬೇಕಾದ್ದು ತುಂಬ ಇದೆ ಮೇಡಮ್" ಎಂದಳು ಕುಸುಮಕ್ಕ, ಕೂರುತ್ತ.

ರಂಜಿತಾ ನಕ್ಕು, ಆಧಾರ್ ನೋಡಿ, ಪಾಸ್‌ಬುಕ್ ನೋಡಿ, ಒಂದು ಸ್ವಯಂಘೋಷಣೆಯ ಹಾಳೆಯನ್ನು ಮುಂದಿಟ್ಟು ಓದಿದಳು: "ನಾನು ಅವಿವಾಹಿತೆಯಾಗಿದ್ದು..." ಕುಸುಮಕ್ಕನ ಕೈಯಲ್ಲಿ ಪೆನ್ನಿತ್ತು. ಏಳನೆಯ ಕ್ಲಾಸಿನ ತನಕ ಓದಿದ ದುಂಡಗಿನ ಸಹಿ ಅವಳದು. ಪೆನ್ನು ಕೆಳಗಿಳಿಯಲಿಲ್ಲ.

"ಇಲ್ಲಿ 'ಇನ್ನೂ' ಅಂತ ಸೇರಿಸ್ಬೇಕಲ್ಲ?"

"ಎಲ್ಲಮ್ಮ?"

"ಅವಿವಾಹಿತೆ ಅಂತ ಬರೆದ್ರೆ ಮುಗಿದೋಯ್ತು ಅಂದಂಗಾಯ್ತಲ್ಲ. 'ಇನ್ನೂ ಮದುವೆಯಾಗಿಲ್ಲ' ಅಂತ ಬರೀರಿ. ಅದು ನಿಜ."

"ಎರಡೂ ಒಂದೇ ಅಲ್ವಾಮ್ಮ?"

ಕುಸುಮಕ್ಕ ನನ್ನ ಕಡೆ ನೋಡಿದಳು. ನಗಿಸಿ ಬರೆಯುವವಳೆಂದು ಊರಲ್ಲಿ ನನಗೊಂದು ಹೆಸರಿದೆ. ಆ ಹೆಸರಿನ ಬಲದಿಂದ ನಾನು ಬೇರೊಂದು ಬಿಳಿಹಾಳೆಯ ಮೇಲೆ, ಅವಳು ಹೇಳಿದಂತೆಯೇ, "ಇಂದಿನವರೆಗೆ ಇನ್ನೂ ಮದುವೆಯಾಗಿರುವುದಿಲ್ಲ" ಎಂದು ಘೋಷಣೆ ಬರೆದುಕೊಟ್ಟೆ. ಅವಳು ಸಂತೋಷದಿಂದ ಸಹಿ ಹಾಕಿದಳು. ರಂಜಿತಾ ತಲೆ ಕೆರೆದುಕೊಂಡು ಅದನ್ನೇ ಲಗತ್ತಿಸಿದಳು. ಹದಿನೈದು ದಿನಕ್ಕೆ ಅರ್ಜಿ ಮೇಲಿನಿಂದ ಹಿಂತಿರುಗಿ ಬಂತು. ಷರಾ: ಅರ್ಜಿದಾರರ ವೈವಾಹಿಕ ಸ್ಥಿತಿ ಅಸ್ಪಷ್ಟ, ಸ್ಥಳ ಪರಿಶೀಲಿಸಿ ವರದಿ ಮಾಡುವುದು.

ಆ ಮೇಲಧಿಕಾರಿ ಯಾರೋ ನನಗೆ ತಿಳಿಯದು. ಕುಸುಮಕ್ಕನ ಬಗ್ಗೆ ನಾಲ್ಕು ಪದಗಳಲ್ಲಿ ಇದಕ್ಕಿಂತ ಒಳ್ಳೆಯ ವ್ಯಕ್ತಿಚಿತ್ರವನ್ನು ಬರೆಯಲು ನನ್ನಿಂದ ಈಗಲೂ ಸಾಧ್ಯವಾಗಿಲ್ಲ.

ಪರಿಶೀಲನೆಗೆ ರಂಜಿತಾ ಜಾವಳಿಗೆ ಬಂದ ದಿನ ನಾನೂ ಜೊತೆಗೆ ಹೋಗಿದ್ದೆ. ಅಸ್ಪಷ್ಟತೆಯಲ್ಲಿ ನನ್ನ ಪಾಲೂ ಇತ್ತಲ್ಲ. ಜಗುಲಿಯಲ್ಲಿ ಚಾಪೆ ಹಾಸಿತ್ತು. ಅಕ್ಕಪಕ್ಕದ ಮನೆಯ ನಾಲ್ಕು ಜನ ಸಾಕ್ಷಿ ಹೇಳಲು ಕೂತಿದ್ದರು. ರಂಜಿತಾ ಕೇಳಿದ್ದು ಸರಳ ಪ್ರಶ್ನೆ: ಈ ಅಮ್ಮನಿಗೆ ಮದುವೆ ಆಗಿದೆಯೋ ಇಲ್ಲವೋ.

"ಆಗಿಲ್ಲ" ಎಂದರು ಒಬ್ಬರು.

"ವೀಳ್ಯ ಆಗಿದೆ" ಎಂದರು ಇನ್ನೊಬ್ಬರು.

"ವೀಳ್ಯ ಆದ್ರೆ ಅರ್ಧ ಆದಂಗೆ" ಎಂದರು ಮೂರನೆಯವರು.

"ಅರ್ಧ ಅಂತ ಕಾಲಂ ಇಲ್ಲ ಯಜಮಾನ್ರೇ" ಎಂದಳು ರಂಜಿತಾ, ಪಾಪ.

ಸುಬ್ಬಣ್ಣನಿಗೆ ಸಹನೆ ತಪ್ಪಿತು. ತಂಗಿಯನ್ನು ಮೂವತ್ತಾರು ವರ್ಷದಲ್ಲಿ ಒಂದು ದಿನವೂ ಹೊರೆ ಎನ್ನದ ಮನುಷ್ಯ ಆತ. ಆದರೆ ಮಾತು ಗರಗಸ. "ಏ, ಎಂತಕ್ಕೆ ಇಷ್ಟೆಲ್ಲ? ಅವನೇನು ಸತ್ತಿದಾನಾ? ನಂಬರು ನನ್ ಹತ್ರ ಇದೆ. ಈಗ್ಲೇ ಫೋನ್ ಹಚ್ತೀನಿ. ಆಗ್ತೀಯಾ, ಆಗಲ್ವಾ, ಒಂದು ಮಾತು ಹೇಳು ಅಂತೀನಿ. ಆಗಲ್ಲ ಅಂದ್ರೆ ಫೋನಲ್ಲೇ ವೀಳ್ಯ ವಾಪಸ್. ಮೇಡಂನೋರು ಬರ್ಕೊಳ್ಲಿ." ಜೇಬಿನಿಂದ ಫೋನು ತೆಗೆದೇ ಬಿಟ್ಟ.

ಒಳಬಾಗಿಲ ಬಳಿ ನಿಂತಿದ್ದ ಕುಸುಮಕ್ಕ ಎರಡು ಹೆಜ್ಜೆಯಲ್ಲಿ ಜಗುಲಿ ದಾಟಿ ಬಂದು ಅಣ್ಣನ ಫೋನಿನ ಮೇಲೆ ತನ್ನ ಅಂಗೈ ಮುಚ್ಚಿದಳು. ಅಷ್ಟು ವೇಗವಾಗಿ ಹೋಗಿ ಕಾಯದೇ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬೇಡ ಅಣ್ಣ. ಅವನನ್ನ ಕೇಳ್ಬೇಡ."

"ಕೇಳ್ದೆ ಹೆಂಗೆ ಗೊತ್ತಾಗದು?"

"ಗೊತ್ತಾಗದು ಬೇಡ." ಧ್ವನಿ ಬಹಳ ತಗ್ಗಿತ್ತು. "ಇಲ್ಲ ಅಂತ ಅಂದುಬಿಟ್ರೆ ನಾನೆಂತ ಮಾಡದು?"

ಕೈ ತೆಗೆದು ಚಾಪೆಯ ಅಂಚಿನಲ್ಲಿ ಕೂತಳು. ಸುಬ್ಬಣ್ಣ ಫೋನನ್ನು ಹಿಡಿದುಕೊಂಡೇ ಅಂಗಳದ ಕಡೆ ನೋಡುತ್ತ ನಿಂತ. ಎಂಟುನೂರು ರೂಪಾಯಿಗೆ ಇಷ್ಟೆಲ್ಲವನ್ನೂ ಬಿಡಿಸಿ ಹರಡಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ಸಹಿ ಹಾಕದಿದ್ದರೆ ನಾಳೆಯೂ ಲೋಟ ಹಿಡಿದು ಅತ್ತಿಗೆಯ ಬಾಗಿಲಿಗೆ. ಹಾಕಿದರೆ ತನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ, ಆ ತಟ್ಟೆಯ ವೀಳ್ಯವನ್ನು ತಾನೇ ವಾಪಸ್ ಕೊಟ್ಟಂತೆ.

ರಂಜಿತಾ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕುಸುಮಕ್ಕನ ಪಕ್ಕ ಕೂತಳು. ಸಮಾಧಾನ ಹೇಳಲು ಅವಳಿಗೆ ವಯಸ್ಸು ಸಾಲದು, ಅನುಭವ ಸಾಲದು. ಗೊತ್ತಿದ್ದದ್ದು ನಿಯಮಾವಳಿ ಮಾತ್ರ. ಅದನ್ನೇ ಹೇಳತೊಡಗಿದಳು. "ನೋಡಿಯಮ್ಮ, ಇದು ಒಂದ್ಸಲ ಬರ್ಕೊಟ್ರೆ ಮುಗಿಯೋದಲ್ಲ. ಇಲ್ಲೇ ಇದೆ, ಕೇಳಿ. 'ಫಲಾನುಭವಿಯು ವಿವಾಹವಾದಲ್ಲಿ ಮಾಸಾಶನ ರದ್ದಾಗತಕ್ಕದ್ದು.' ಅದಕ್ಕೇ ವರ್ಷಕ್ಕೊಂದ್ಸಲ ಪರಿಶೀಲನೆ ಇರುತ್ತೆ."

"ಎಂತ ಪರಿಶೀಲನೆ?"

"ಮದುವೆ ಆಯ್ತಾ ಅಂತ."

ಕುಸುಮಕ್ಕ ತಲೆ ಎತ್ತಿದಳು. "ಯಾರು ಕೇಳದು?"

"ನಾವೇ. ನಾನಿದ್ರೆ ನಾನು. ಟ್ರಾನ್ಸ್‌ಫರ್ ಆದ್ರೆ ಇನ್ನೊಬ್ರು."

"ಪ್ರತಿ ವರ್ಷ?"

"ಪ್ರತಿ ವರ್ಷ."

"ಮನೆಗೇ ಬಂದು? ಬಾಯಿಬಿಟ್ಟು ಕೇಳ್ತೀರಾ?"

"ಕೇಳ್ಲೇಬೇಕಲ್ಲಮ್ಮ, ರೂಲ್ಸು."

ಕುಸುಮಕ್ಕ ಆ ಸಾಲನ್ನು ಮತ್ತೊಮ್ಮೆ ಓದಲು ಹೇಳಿದಳು. ರಂಜಿತಾ ಓದಿದಳು. ವಿವಾಹವಾದಲ್ಲಿ. ಆಗದು ಎಂದು ಊರು ತೀರ್ಮಾನಿಸಿ ಎರಡು ದಶಕ ಕಳೆದಿತ್ತು. ಆಗಬಹುದು ಎಂಬ ಸಾಧ್ಯತೆಯನ್ನು ಮುದ್ರಿತ ಕಾಗದದಲ್ಲಿ, ಕಂಡಿಕೆಯ ಸಂಖ್ಯೆ ಸಹಿತ, ಮುಂದಾಲೋಚಿಸಿ ಇಟ್ಟುಕೊಂಡಿದ್ದದ್ದು ಸರ್ಕಾರವೊಂದೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಪೆನ್ನು ಕೇಳಿ ಪಡೆದು, ಅಚ್ಚಾದ ಹಾಳೆಯ ಮೇಲೆಯೇ, ಒಂದಕ್ಷರವನ್ನೂ ಸೇರಿಸದೆ ಸಹಿ ಹಾಕಿದಳು. ಸುಬ್ಬಣ್ಣ ಫೋನನ್ನು ಜೇಬಿಗಿಳಿಸಿ, "ಕಾಫಿ ಕೊಡ್ರೇ ಯಾರಾದ್ರೂ" ಎಂದು ಒಳಗೆ ಗದರಿದ.

ಮಾಸಾಶನ ಮೂರನೆಯ ತಿಂಗಳಿಗೆ ಶುರುವಾಯಿತು. ಸಕ್ಕರೆ, ಕಾಫಿಪುಡಿ, ಉಣ್ಣೆ, ಕಣ್ಣಿಗೆ ಬಿಡುವ ಹನಿ. ಎಂಟುನೂರಕ್ಕೆ ಎಷ್ಟು ಬಂದೀತೋ ಅಷ್ಟು ಸ್ವಾಭಿಮಾನ ಬಂತು. ವರ್ಷ ತಿರುಗಿ ರಂಜಿತಾ ಬರುತ್ತಾಳೆಂದು ಗೊತ್ತಾದ ದಿನ ಕುಸುಮಕ್ಕ ನನ್ನನ್ನೂ ಕರೆಸಿಕೊಂಡಿದ್ದಳು. ಅಂಗಳ ಗುಡಿಸಿತ್ತು. ಸುಬ್ಬಣ್ಣನ ಮನೆಯಿಂದ ಒಂದು ಕುರ್ಚಿ ಬಂದಿತ್ತು. ಇಸ್ತ್ರಿ ಹಾಕಿದ ಹಸಿರು ಸೀರೆ. ರಂಜಿತಾಗೆ ಅಂದು ಇಪ್ಪತ್ತು ಮನೆ ಇದ್ದವು. ಸ್ಕೂಟರಿನಿಂದ ಇಳಿಯದೆಯೇ ಹಾಳೆ ಚಾಚಿ, "ಇಲ್ಲೊಂದು ಸೈನ್ ಮಾಡ್ಬಿಡಿ ಅಮ್ಮ, ನಂಗೆ ಗೊತ್ತಲ್ಲ, ಸಾಕು" ಎಂದಳು.

ಕುಸುಮಕ್ಕ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. "ಕೇಳಿ" ಎಂದಳು.

"ಏನ್ ಕೇಳ್ಲಿ?"

"ಕೇಳ್ಬೇಕು ಅಂತ ರೂಲ್ಸಲ್ಲಿ ಇದೆಯಲ್ಲ ಮೇಡಮ್. ಬನ್ನಿ, ಕೂತು ಕೇಳಿ."

ಹುಡುಗಿ ಜಾಣೆ. ಒಂದು ಕ್ಷಣ ಅವಳ ಮುಖವನ್ನೂ ಸೀರೆಯನ್ನೂ ನೋಡಿದವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಜಗುಲಿಗೆ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಸಂಬಂಧ ನೋಡಲು ಬಂದವರು ಕೂರುವ ಹಾಗೆ. ಕುಸುಮಕ್ಕ ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡು ಎದುರಿಗೆ ನಿಂತಳು. ರಂಜಿತಾ ಗಂಟಲು ಸರಿಮಾಡಿಕೊಂಡು ಕೇಳಿದಳು. ಉತ್ತರದ ಹೊತ್ತಿಗೆ ನಾನು ಕಾಫಿ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ. ಅದು ಕುಸುಮಕ್ಕನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮಾತು.

ಒಂದು ವಯಸ್ಸಾದ ಮೇಲೆ ಒಂಟಿ ಹೆಂಗಸರನ್ನು ಲೋಕ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಕ್ಷೇಮ ವಿಚಾರಿಸತೊಡಗುತ್ತದೆ: ಬೀಪಿ ಹೇಗಿದೆ, ಮಂಡಿ ನೋವು ಹೇಗಿದೆ, ಮಾತ್ರೆ ತಗೊಂಡ್ರಾ. ಆದದ್ದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆಗಬೇಕಾದ್ದರ ಬಗ್ಗೆ ಒಬ್ಬರೂ ಬಾಯಿ ತೆರೆಯುವುದಿಲ್ಲ. ಅದನ್ನು ದಾಕ್ಷಿಣ್ಯ ಎಂದು ಕರೆದುಕೊಳ್ಳುತ್ತಾರೆ. ಹೇಳೋರಿಲ್ಲ ಕೇಳೋರಿಲ್ಲ ಎಂದು ನಾವು ಸಲೀಸಾಗಿ ಹೇಳುವ ಮಾತಿನಲ್ಲಿ ಹೇಳೋರ ಕೊರತೆ ಯಾವ ಊರಿನಲ್ಲೂ ಇಲ್ಲ. ಕಚೇರಿಯ ಬೆಂಚುಗಳ ಮೇಲೆ ಕಾಗದದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ತಮ್ಮ ಹೆಸರು ಕೂಗುವ ತನಕ ನೆಟ್ಟಗೆ ಕೂತಿರುವ ಇಂಥ ಹೆಂಗಸರನ್ನು ಈಗ ಕಂಡಾಗಲೆಲ್ಲ, ಇವರು ಏನನ್ನು ಕೇಳಲು ಬಂದಿದ್ದಾರೆಂದು ನಾನು ಊಹಿಸಲು ಹೋಗುವುದಿಲ್ಲ. ಇವರನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ವರ್ಷವಾಗಿರಬಹುದು ಎಂದು ಲೆಕ್ಕ ಹಾಕುತ್ತ ನಿಂತುಬಿಡುತ್ತೇನೆ.